ಪೂರ್ವಗ್ರಹವೂ ತಾರತಮ್ಯವೂ

"ನನಗೆ ಯಾರ ವಿಷಯದಲ್ಲಿಯೂ ಭೇದವಿಲ್ಲ" ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಾರಿ ಆಡಿರುತ್ತೇವೆ. ಆಡುವವರು ಸುಳ್ಳು ನುಡಿಯುತ್ತಾರೆಂದು ತಿಳಿಯಬೇಕಾಗಿಲ್ಲ. ತಮ್ಮ ಮನಸ್ಸನ್ನು ತಾವು ಬಲ್ಲಷ್ಟರ ಮಟ್ಟಿಗೆ ಅವರು ನಿಜವನ್ನೇ ಹೇಳುತ್ತಾರೆ. ಆದರೆ ಅದೇ ಮನೆಯಲ್ಲಿ ಹೊಲದ ಆಳಿಗೆ ಚಹ ಕೊಡುವ ಬಟ್ಟಲು ಬೇರೆಯಾಗಿ ಗೋಡೆಯ ಗೂಡಿನಲ್ಲಿರುತ್ತದೆ. ಮಗನು ರಾಯಚೂರಿನ ಕಾಲೇಜಿಗೆ ಹೋಗುತ್ತಾನೆ, ಅವನಿಗಿಂತ ಜಾಣೆಯಾದ ಮಗಳು ಹತ್ತನೆಯ ತರಗತಿಗೆ ಶಾಲೆ ಬಿಡುತ್ತಾಳೆ. ಮನಸ್ಸಿನಲ್ಲಿ ಇಲ್ಲವೆಂದದ್ದು ಕೈಯಲ್ಲಿ ಎಲ್ಲಿಂದ ಬಂತು? ಪೂರ್ವಗ್ರಹವು ಎಲ್ಲರಲ್ಲಿಯೂ ಇರುವದೋ? ಇದ್ದರೆ, ಅದಕ್ಕೂ ತಾರತಮ್ಯಕ್ಕೂ ಇರುವ ಅಂತರವೇನು? ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಓದುವ ಈ ಸಂಚಿಕೆಯಲ್ಲಿ ಈ ಎರಡು ಪ್ರಶ್ನೆಗಳನ್ನು ವಿಚಾರಿಸುವದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಶಬ್ದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಪೂರ್ವಗ್ರಹವೆಂದರೆ ಮುಂಚೆಯೇ ಹಿಡಿದುಕೊಂಡದ್ದು. ಒಬ್ಬರನ್ನು ಕಂಡು, ಮಾತನಾಡಿಸಿ, ತಿಳಿಯುವದಕ್ಕಿಂತ ಮೊದಲೇ, ಅವರು ಇಂಥ ಜಾತಿಯವರು, ಇಂಥ ಊರಿನವರು, ಇಂಥ ಮತದವರು ಎಂಬಷ್ಟರಿಂದಲೇ ಅವರ ಗುಣಾವಗುಣಗಳನ್ನು ನಿರ್ಧರಿಸಿಬಿಡುವದು ಪೂರ್ವಗ್ರಹ. ಇದು ಮನಸ್ಸಿನ ಕೆಲಸ. ತಾರತಮ್ಯವೆಂಬ ಶಬ್ದವು 'ತರ', 'ತಮ' ಎಂಬ ಸಂಸ್ಕೃತ ಪ್ರತ್ಯಯಗಳಿಂದ ಹುಟ್ಟಿದ್ದು. ಒಂದಕ್ಕಿಂತ ಒಂದು ಹೆಚ್ಚು, ಎಲ್ಲಕ್ಕಿಂತ ಇದು ಹೆಚ್ಚು ಎಂದು ಅಳೆಯುವದು ಅದರ ಮೂಲಾರ್ಥ. ಈಗಿನ ಬಳಕೆಯಲ್ಲಿ, ಸಮಾನವಾಗಿ ನಡೆಸಿಕೊಳ್ಳಬೇಕಾದವರಿಗೆ ಸಲ್ಲಬೇಕಾದ ಸ್ಥಳ, ನೀರು, ಅನ್ನ, ವಿದ್ಯೆ, ಕೂಲಿ, ಮರ್ಯಾದೆಗಳಲ್ಲಿ ಯಾವದನ್ನಾದರೂ ತಪ್ಪಿಸುವದಕ್ಕೆ ತಾರತಮ್ಯವೆನ್ನುತ್ತೇವೆ. ಇದು ಕೈಯ ಕೆಲಸ. ಪೂರ್ವಗ್ರಹವು ಹೊರಗಿನವರ ಕಣ್ಣಿಗೆ ಕಾಣದು; ತಾರತಮ್ಯವನ್ನು ಕಾಣಬಹುದು, ಎಣಿಸಬಹುದು, ಅದಕ್ಕೆ ಸಾಕ್ಷಿ ನುಡಿಯಬಹುದು.

ಈಗ ಮೊದಲನೆಯ ಪ್ರಶ್ನೆ. ರಾಯಚೂರಿನ ಗಂಜಿಗೆ ಜೋಳದ ರಾಶಿ ಬಂದರೆ ವ್ಯಾಪಾರಿಯು ಒಂದೊಂದು ಕಾಳನ್ನೂ ಪರೀಕ್ಷಿಸುವದಿಲ್ಲ. ಒಂದು ಹಿಡಿ ತೆಗೆದು ನೋಡಿ ರಾಶಿಗೆಲ್ಲ ಬೆಲೆ ಕಟ್ಟುತ್ತಾನೆ. ಮನುಷ್ಯನ ಮನಸ್ಸೂ ಹಾಗೆಯೇ ದುಡಿಯುತ್ತದೆ. ದಿನಕ್ಕೆ ನೂರಾರು ಮುಖಗಳನ್ನು ನೋಡುವ ನಾವು ಪ್ರತಿಯೊಬ್ಬರನ್ನೂ ಹೊಸದಾಗಿ ವಿಚಾರಿಸಲಾರದೆ, ಮುಂಚೆ ಕಂಡ ಕೆಲವರಿಂದಲೂ, ಕಾಣದೆ ಬರಿದೇ ಕೇಳಿದ ಮಾತಿನಿಂದಲೂ, ಕಾಣದಿರುವ ಎಲ್ಲರಿಗೂ ಬೆಲೆ ಕಟ್ಟುತ್ತೇವೆ. ಜೋಳದ ವಿಷಯದಲ್ಲಿ ಈ ಪದ್ಧತಿ ಸರಿ. ಮನುಷ್ಯರ ವಿಷಯದಲ್ಲಿ ತಪ್ಪು. ಯಾಕಂದರೆ ಒಂದು ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೇ ಒಂದು ತೆರನಾಗಿರುವದಿಲ್ಲ. ಆದರೂ ಮನಸ್ಸು ಈ ಹವ್ಯಾಸವನ್ನು ಬಿಡುವದಿಲ್ಲ.

ಇದು ಎಷ್ಟು ಸುಲಭವಾಗಿ ಹುಟ್ಟುತ್ತದೆಂಬುದನ್ನು ಇಂಗ್ಲಂಡದ ಬ್ರಿಸ್ಟಲ್ ನಗರದಲ್ಲಿ ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ೧೯೭೦ರಲ್ಲಿ ಪ್ರಕಟಿಸಿದರು. ೧೪-೧೫ ವರುಷದ ಶಾಲಾಬಾಲಕರಿಗೆ ಕೆಲವು ಚಿತ್ರಗಳನ್ನು ತೋರಿಸಿ, ಯಾರ ಚಿತ್ರ ಮೆಚ್ಚಿಗೆಯಾಯಿತೆಂಬ ನೆಪದಿಂದ ಅವರನ್ನು ಎರಡು ಪಂಗಡ ಮಾಡಿದರು. ತಮ್ಮ ಪಂಗಡದಲ್ಲಿ ಯಾರಿದ್ದಾರೆಂದು ಬಾಲಕರಿಗೆ ತಿಳಿಯದು. ತಮಗೆ ಲಾಭವೂ ಇಲ್ಲ. ಇಷ್ಟಾದರೂ ಇತರರಿಗೆ ಹಣ ಹಂಚಿರೆಂದಾಗ ಹೆಚ್ಚಿನವರು ತಮ್ಮ ಪಂಗಡದವರಿಗೆ ಹೆಚ್ಚು ಕೊಟ್ಟರು. ಒಂದು ಗಳಿಗೆಯ ಹಿಂದೆ ಇಲ್ಲದ ಪಂಗಡದ ಮೇಲೆ ಇಷ್ಟು ಪಕ್ಷಪಾತವಾದರೆ, ತಲೆಮಾರುಗಳಿಂದ ಬಂದ ಜಾತಿ, ಭಾಷೆ, ಊರುಗಳ ವಿಷಯದಲ್ಲಿ ಹೇಳುವದೇನು?

ನಮ್ಮ ಶಿಕ್ಷಕವರ್ಗವು ಇದರಿಂದ ಹೊರತೆಂದು ಯಾರೂ ತಿಳಿಯಬಾರದು. ರೇಮಾ ಹನ್ನಾ, ಲೀ ಲಿಂಡನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಭಾರತದಲ್ಲಿ ಶಿಕ್ಷಕರ ಕೈಗೆ ಉತ್ತರಪತ್ರಿಕೆಗಳನ್ನು ಕೊಟ್ಟು, ಮುಖಪುಟದ ಮೇಲೆ ಜಾತಿಯನ್ನು ಮನಬಂದಂತೆ ಬದಲಿಸಿ ಬರೆದು ಗುಣ ಹಾಕಿಸಿದರು. ೨೦೧೨ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೆಳಜಾತಿಯೆಂದು ಬರೆದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಗುಣಗಳು ಬಿದ್ದವು. ಆಶ್ಚರ್ಯದ ಸಂಗತಿಯೆಂದರೆ, ಹೀಗೆ ಕಡಿಮೆ ಹಾಕಿದವರಲ್ಲಿ ಮುಖ್ಯರಾದವರು ಸ್ವತಃ ಕೆಳಜಾತಿಗಳಿಂದ ಬಂದ ಶಿಕ್ಷಕರೇ. ಲೋಕವು ನಮ್ಮ ಮೇಲೆ ಹೊರಿಸಿದ ಹೀನಭಾವವನ್ನು ನಾವೇ ನಮ್ಮವರ ಮೇಲೆ ಹೊರಿಸುತ್ತೇವೆ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಗಂಡಸರಷ್ಟೇ ಸಲೀಸಾಗಿ ಹೆಂಗಸರೂ ಹೇಳುವದು ಇದೇ ಕಾರಣದಿಂದ.

ಪೂರ್ವಗ್ರಹಕ್ಕೆ ಮೆಟ್ಟಿಲುಗಳೂ ಉಂಟು. ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯ ಕನ್ನಡದಲ್ಲಿ ಉರ್ದುವಿನ ಮಾತುಗಳು ಸೇರಿವೆ. ನೆರೆಯ ತೆಲುಗಿನ ಮಾತುಗಳೂ ಸೇರಿವೆ. ಇಲ್ಲಿಂದ ಬೆಂಗಳೂರಿಗೆ ಓದಲು ಹೋದ ನಮ್ಮ ಹುಡುಗಿಯರು ತಮ್ಮ ಮಾತಿಗೆ ಅಲ್ಲಿಯವರು ನಕ್ಕರೆಂದು ದುಃಖದಿಂದ ಹೇಳಿಕೊಳ್ಳುತ್ತಾರೆ. ಆದರೆ ರಾಯಚೂರಿನವಳು ದೇವದುರ್ಗದ ಹಳ್ಳಿಯವಳ ಮಾತಿಗೆ ನಗುತ್ತಾಳೆ. ದೇವದುರ್ಗದವಳು ತಾಂಡೆಯಿಂದ ಬಂದ ಲಂಬಾಣಿ ಹುಡುಗಿಯ ಉಚ್ಚಾರಕ್ಕೆ ನಗುತ್ತಾಳೆ. ತನಗೆ ತಾಕಿದ ಕಲ್ಲನ್ನೇ ಹೆಕ್ಕಿ ಕೆಳಗಿನವಳ ಮೇಲೆ ಎಸೆದಂತಾಯಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯೆಂಬ ಮಾತು ಮೇಲಿನವರಿಗೆ ಮಾತ್ರ ಸಲ್ಲುವದಲ್ಲ.

ವಿದ್ಯೆಯೊಂದೇ ಇದಕ್ಕೆ ಔಷಧವೆಂದು ಕೆಲವರು ತಿಳಿಯುತ್ತಾರೆ. ಮಾನವಿಯ ಶ್ರೀನಿವಾಸಾಚಾರ್ಯರ ವೃತ್ತಾಂತವು ಈ ನಂಬಿಕೆಯನ್ನು ತಿದ್ದುತ್ತದೆ. ಅವರು ಸಂಸ್ಕೃತದಲ್ಲಿ ಘನವಿದ್ವಾಂಸರು. ಕನ್ನಡದಲ್ಲಿ ಪದ ಹಾಡುತ್ತ ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ಅದೇ ತಾಲೂಕಿನ ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂತಲೂ, ಮುಂದೆ ನಿಜವಾಗಿಯೇ ಉದರವ್ಯಾಧಿಯಿಂದ ಬಳಲಿ ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಬಳಿಗೆ ಹೋದರೆಂತಲೂ ದಾಸಸಂಪ್ರದಾಯದ ಕಥೆ ಹೇಳುತ್ತದೆ. ಅವರ ವಿದ್ಯೆಯೇ ಅವರ ತಾತ್ಸಾರಕ್ಕೆ ಗೊಬ್ಬರವಾಗಿತ್ತು. ಆದರೆ ಆ ಪಂಡಿತರೇ ಜಗನ್ನಾಥದಾಸರೆಂದು ಹೆಸರಾಗಿ, 'ಹರಿಕಥಾಮೃತಸಾರ'ವನ್ನು ತಾವು ಹಗುರವಾಗಿ ಕಂಡ ಕನ್ನಡದಲ್ಲಿಯೇ ರಚಿಸಿದರು. ನಮ್ಮ ಸತ್ಯವೇದದಲ್ಲಿ ನತಾನಯೇಲನು ನಜರೇತಿನಂಥ ಊರಿನಿಂದ ಒಳ್ಳೆಯದು ಬರಲುಂಟೇ ಎಂದು ಸಂಶಯಪಟ್ಟ ಪ್ರಸಂಗವನ್ನು ನಮ್ಮ ಮಕ್ಕಳು ಬಲ್ಲರು. ಫಿಲಿಪ್ಪನು ಅವನೊಡನೆ ವಾದಿಸಲಿಲ್ಲ, ಬಂದು ನೋಡೆಂದನು. ನತಾನಯೇಲನು ತನ್ನ ಸಂಶಯವನ್ನು ಹೊತ್ತುಕೊಂಡೇ ಎದ್ದು ಹೋದನು. ಪೂರ್ವಗ್ರಹವಿದ್ದದ್ದು ಅವನ ವಿಶೇಷವಲ್ಲ. ಅದು ಕಾಲನ್ನು ಕಟ್ಟಿಹಾಕದಂತೆ ನೋಡಿಕೊಂಡದ್ದೇ ವಿಶೇಷ.

ಆದ್ದರಿಂದ ಪೂರ್ವಗ್ರಹವು ಎಲ್ಲರಲ್ಲಿಯೂ ಅಷ್ಟಿಷ್ಟು ಇರುವದೆಂದು ಒಪ್ಪಲೇಬೇಕು. ಹಾಗಾದರೆ ಎಲ್ಲರೂ ತಾರತಮ್ಯ ಮಾಡುವವರೇ? ಅಲ್ಲ. ಇವೆರಡೂ ಒಂದನ್ನು ಬಿಟ್ಟು ಇನ್ನೊಂದು ಇರಬಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಒಂದನೆಯದು ಅಮೇರಿಕೆಯದು. ಅಲ್ಲಿ ಚೀನಿಯರ ಮೇಲೆ ಜನರಿಗೆ ಬಹಳ ಅಸಹ್ಯವಿದ್ದ ಕಾಲದಲ್ಲಿ, ೧೯೩೦ರಿಂದ ೧೯೩೨ರ ವರೆಗೆ, ರಿಚರ್ಡ್ ಲಾಪಿಯೆರ್ ಎಂಬ ಪ್ರಾಧ್ಯಾಪಕರು ಒಬ್ಬ ಚೀನೀ ಯುವಕನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ದೇಶವನ್ನು ಸುತ್ತಿದರು. ೨೫೧ ಹೊಟೇಲು ವಸತಿಗೃಹಗಳಲ್ಲಿ ಒಂದರಲ್ಲಿ ಮಾತ್ರ ಅವರಿಗೆ ಸ್ಥಳ ದೊರೆಯಲಿಲ್ಲ. ಕೆಲವು ತಿಂಗಳ ತರುವಾಯ ಅದೇ ಸ್ಥಳಗಳಿಗೆ, ಚೀನಿಯರನ್ನು ಸೇರಿಸಿಕೊಳ್ಳುವಿರಾ ಎಂದು ಪತ್ರ ಬರೆದರು. ಉತ್ತರ ಕೊಟ್ಟವರಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚು ಜನ ಇಲ್ಲವೆಂದರು. ಮನಸ್ಸಿನಲ್ಲಿ ಪೂರ್ವಗ್ರಹ, ಬಾಗಿಲಿಗೆ ಬಂದ ಮನುಷ್ಯರನ್ನು ಕಂಡಾಗ ಕೈಯು ಅದಕ್ಕೆ ವಿಧೇಯವಾಗಲಿಲ್ಲ.

ಎರಡನೆಯದು ನಮ್ಮ ಧಾರವಾಡದ್ದು. ಇದು ಮೊದಲನೆಯದಕ್ಕೆ ತಿರುವುಮುರುವು. ೧೮೫೬ನೆಯ ಜೂನ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಹುಡುಗನು, ತನ್ನನ್ನು ಅಲ್ಲಿಯ ಸರಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟನು. ಅಧಿಕಾರಿಗಳು ಆ ಹುಡುಗನನ್ನು ಹಳಿಯಲಿಲ್ಲ; ನ್ಯಾಯವು ಅವನ ಕಡೆಗಿದೆಯೆಂದು ತಾವೇ ಒಪ್ಪಿದರು. ಆದರೆ ಒಬ್ಬನ ಸಲುವಾಗಿ ಬಲವಂತ ಮಾಡಿದರೆ ಇತರರೆಲ್ಲ ಶಾಲೆ ಬಿಡುವರೆಂದು ಅಂಜಿ, ಜುಲೈ ತಿಂಗಳಲ್ಲಿ ಅರ್ಜಿಯನ್ನು ತಳ್ಳಿಹಾಕಿದರು. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕ ಮಂಡಳಿಯು ೧೮೫೮ರಲ್ಲಿ, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ತಿಳಿಸಿತು. ಡಾ. ಅಂಬೇಡಕರರು ಈ ಪ್ರಸಂಗವನ್ನು ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ. ಅರ್ಜಿಯನ್ನು ತಳ್ಳಿದ ಅಧಿಕಾರಿಗಳಿಗೆ ಆ ಹುಡುಗನ ಮೇಲೆ ದ್ವೇಷವಿದ್ದಿತೆಂದು ಹೇಳಲಾಗದು. ಅವರ ಮನಸ್ಸು ಶುದ್ಧವಿದ್ದರೂ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. ನೆರೆಹೊರೆಯವರು ಏನೆಂದಾರೋ ಎಂಬ ಅಂಜಿಕೆಯೊಂದೇ ತಾರತಮ್ಯಕ್ಕೆ ಸಾಕು.

ಈ ಎರಡು ನಿದರ್ಶನಗಳಿಂದ ನಮಗೆ ತಿಳಿಯತಕ್ಕದ್ದಿಷ್ಟು. ಮನಸ್ಸಿನಲ್ಲಿ ಪೂರ್ವಗ್ರಹವಿದ್ದವನು ಒಳ್ಳೆಯದಾಗಿ ನಡೆದುಕೊಳ್ಳಬಹುದು. ಮನಸ್ಸಿನಲ್ಲಿ ಏನೂ ಇಲ್ಲದವನು ಅನ್ಯಾಯವನ್ನು ಮಾಡಬಹುದು. ಆದಕಾರಣ "ನನ್ನ ಮನಸ್ಸಿನಲ್ಲಿ ಏನೂ ಇಲ್ಲ" ಎಂಬುದು ಅನ್ಯಾಯಕ್ಕೆ ಉತ್ತರವಾಗಲಾರದು. "ಮನಸ್ಸು ಬದಲಾಗುವ ವರೆಗೆ ಏನೂ ಮಾಡಲಾಗದು" ಎಂಬುದೂ ಆಲಸ್ಯದ ಮಾತೇ.

ಪೂರ್ವಗ್ರಹವೂ ಅಧಿಕಾರವೂ ಒಂದುಗೂಡಿದರೆ ಏನಾಗುವದೆಂಬುದನ್ನು ದೂರ ಹುಡುಕಬೇಕಾಗಿಲ್ಲ. ೧೯೯೭ರ ವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಕುಷ್ಟಗಿ ತಾಲೂಕಿನ ಮಿಯಾಪುರ ಗ್ರಾಮದಲ್ಲಿ, ೨೦೨೧ನೆಯ ಸಪ್ಟಂಬರ ತಿಂಗಳಲ್ಲಿ, ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದ ದಲಿತ ತಂದೆಯ ಕೈ ಬಿಡಿಸಿಕೊಂಡು ಅವನ ಪುಟ್ಟ ಕೂಸು ಹನುಮಂತನ ಗುಡಿಯೊಳಗೆ ಓಡಿತು. ಆ ಕೂಸಿಗೆ ಜಾತಿಯ ಅರಿವಿಲ್ಲ. ಊರ ಕೆಲವರು ಕೂಡಿ, ಗುಡಿಯ ಶುದ್ಧಿಗೆಂದು ೨೫,೦೦೦ ರೂಪಾಯಿ ದಂಡ ಕೊಡಬೇಕೆಂದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಐವರನ್ನು ಬಂಧಿಸಿದರು. ಕೂಸು ಮುಟ್ಟಿದರೆ ಮೈಲಿಗೆಯೆಂದು ಒಬ್ಬನು ಮನಸ್ಸಿನಲ್ಲಿ ಭಾವಿಸಿದ್ದರೆ ಅದು ಅವನ ಅಜ್ಞಾನವಾಗಿ ಅವನಲ್ಲಿಯೇ ಉಳಿಯುತ್ತಿತ್ತು. ಅದಕ್ಕೆ ಪಂಚಾಯಿತಿಯೂ ದಂಡದ ಮೊತ್ತವೂ ದೊರೆತಾಗ ಅದು ಕೂಲಿಯವನ ಎಷ್ಟೋ ತಿಂಗಳ ಅನ್ನವನ್ನು ಕಸಿಯಲು ಕೈಯೆತ್ತಿತು.

ನಮ್ಮ ದೇಶದ ಕಾಯಿದೆಯೂ ಈ ಅಂತರವನ್ನು ತಿಳಿದೇ ಮಾಡಲ್ಪಟ್ಟಿದೆ. ೧೯೫೦ನೆಯ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿ ಅದರ ಆಚರಣೆಯನ್ನು ನಿಷೇಧಿಸಿತು. ೧೫ನೆಯ ವಿಧಿಯು ಅಂಗಡಿ, ಹೊಟೇಲು, ಬಾವಿ, ಕೆರೆ, ರಸ್ತೆಗಳಲ್ಲಿ ಭೇದ ಮಾಡಕೂಡದೆಂದಿತು. ೧೯೫೫ರಲ್ಲಿ ಇಂಥ ಅಪರಾಧಗಳಿಗೆ ಶಿಕ್ಷೆಯ ಕಾಯಿದೆಯೂ, ೧೯೮೯ರಲ್ಲಿ ದೌರ್ಜನ್ಯ ತಡೆಯುವ ಕಾಯಿದೆಯೂ ಬಂದವು. ಇವೆಲ್ಲವೂ ಆಚರಣೆಯನ್ನು ಹಿಡಿಯುತ್ತವೆ, ಭಾವನೆಯನ್ನು ಹಿಡಿಯುವದಿಲ್ಲ. ಮನಸ್ಸಿಗೆ ಬೀಗ ಹಾಕುವ ಪೊಲೀಸನಿಲ್ಲ. ಆ ಕೆಲಸ ಮನೆಗೂ ಶಾಲೆಗೂ ಸೇರಿದ್ದು.

ಇನ್ನು, ದಂಡವೂ ಬೈಗಳೂ ಇಲ್ಲದೆ ಸದ್ದಿಲ್ಲದೆ ನಡೆಯುವ ತಾರತಮ್ಯವನ್ನು ಗಮನಿಸೋಣ. ೨೦೧೧ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ೭೦ ಜನ ಓದುಬರಹ ಬಲ್ಲವರಾಗಿದ್ದರೆ ಹೆಂಗಸರಲ್ಲಿ ೪೯ಕ್ಕೂ ಕಡಿಮೆ. ಈ ೨೧ರ ಅಂತರವನ್ನು ಯಾವ ದುಷ್ಟನೂ ಕುಳಿತು ಮಾಡಿದ್ದಲ್ಲ. ಮಗಳನ್ನು ಪ್ರಾಣದಂತೆ ಪ್ರೀತಿಸುವ ತಂದೆತಾಯಿಗಳೇ, ಶಾಲೆ ದೂರವೆಂದು, ತಮ್ಮನನ್ನು ಆಡಿಸುವವರಿಲ್ಲವೆಂದು, ಹತ್ತಿ ಬಿಡಿಸುವ ಕಾಲವೆಂದು, ಒಂದೊಂದೇ ದಿವಸ ಮನೆಯಲ್ಲಿ ನಿಲ್ಲಿಸಿ ಇದನ್ನು ಮಾಡಿದ್ದಾರೆ. ದೇವದುರ್ಗದ ಕಡೆಯ ಬಡ ಕುಟುಂಬಗಳು ಬೇಸಿಗೆಗೆ ಗುಳೆ ಹೋಗಿ ಬೆಂಗಳೂರಿನಂಥ ಊರುಗಳಲ್ಲಿ ಕಟ್ಟಡದ ಕೆಲಸ ಮಾಡುತ್ತವೆ. ಗುಳೆ ಹೋಗುವವರ ಮಕ್ಕಳು ಓದುವದಿಲ್ಲವೆಂಬುದು ಪೂರ್ವಗ್ರಹ. ಹಾಗೆಂದು ನಂಬಿ ಆ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವದು ತಾರತಮ್ಯ. ಹೆಸರು ಹೊಡೆದ ಮೇಲೆ ಅವಳು ನಿಜವಾಗಿಯೂ ಓದುವದಿಲ್ಲ; ಆಗ "ನಾವು ಮೊದಲೇ ಹೇಳಿರಲಿಲ್ಲವೇ?" ಎನ್ನುತ್ತೇವೆ. ಹೀಗೆ ತಾರತಮ್ಯವು ತನ್ನನ್ನು ಹೆತ್ತ ಪೂರ್ವಗ್ರಹಕ್ಕೆ ತಾನೇ ಸಾಕ್ಷಿಯಾಗಿ ನಿಲ್ಲುತ್ತದೆ.

ಎಲ್ಲ ಭೇದವೂ ತಾರತಮ್ಯವೋ ಎಂದು ಪಾಲಕರು ಕೇಳುವದುಂಟು. ದೃಷ್ಟಿ ಮಂದವಾದ ಹುಡುಗಿಯನ್ನು ಮುಂದಿನ ಬೆಂಚಿನಲ್ಲಿ ಕುಳ್ಳಿರಿಸಿದರೆ ಉಳಿದವರಿಗೆ ಅನ್ಯಾಯವಾಗುವದಿಲ್ಲ. ಫಲಕವು ಎಲ್ಲರಿಗೂ ಕಾಣಬೇಕೆಂಬುದೇ ಅದರ ಉದ್ದೇಶ. ೨೦೧೨ರ ತಿದ್ದುಪಡಿ ಕಾಯಿದೆಯಿಂದ ಸಂವಿಧಾನಕ್ಕೆ ಸೇರಿದ ೩೭೧ (ಜೆ) ವಿಧಿಯ ಮೇರೆಗೆ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜುಗಳಲ್ಲಿಯೂ ನೌಕರಿಗಳಲ್ಲಿಯೂ ಸ್ಥಾನಗಳು ಮೀಸಲಾದವು. ಈ ಸೀಮೆ ಬಹುಕಾಲ ಹಿಂದೆ ಬಿದ್ದದ್ದರಿಂದ ಇದು ನ್ಯಾಯವೆಂದು ನಾವೆಲ್ಲರೂ ಸಂತೋಷದಿಂದ ಒಪ್ಪಿದೆವು. ಅದೇ ನ್ಯಾಯದಿಂದ ಪರಿಶಿಷ್ಟ ಜಾತಿ ಪಂಗಡಗಳ ಮಕ್ಕಳಿಗೆ ದೊರೆಯುವ ಮೀಸಲಾತಿಗೆ ಮಾತ್ರ ಮೂಗು ಮುರಿಯುವದು ಹೇಗೆ ಸರಿಯಾದೀತು? ಹಿಂದೆ ಬಿದ್ದವರನ್ನು ಸಾಲಿಗೆ ತರುವ ಭೇದ ಬೇರೆ, ಸಾಲಿನಿಂದ ಹೊರಗೆ ತಳ್ಳುವ ಭೇದ ಬೇರೆ.

ಮನಸ್ಸು ಶುದ್ಧವಾದರೆ ನಡತೆ ತಾನಾಗಿ ಶುದ್ಧವಾದೀತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ನಿಜ. ಆದರೆ ನಡತೆಯನ್ನು ತಿದ್ದಿದರೆ ಮನಸ್ಸೂ ತಿದ್ದೀತೆಂಬುದು ಅಷ್ಟೇ ನಿಜ. ಕರ್ನಾಟಕದಲ್ಲಿ ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ನಡೆದ ಪಂಚಾಯತ ಚುನಾವಣೆಗಳಲ್ಲಿ ಹೆಂಗಸರಿಗೆ ನೂರಕ್ಕೆ ೨೫ ಸ್ಥಾನಗಳಿದ್ದವು. ೧೯೯೩ರ ಸಂವಿಧಾನ ತಿದ್ದುಪಡಿಯಿಂದ ದೇಶಕ್ಕೆಲ್ಲ ಮೂರರಲ್ಲೊಂದು ಪಾಲಾಯಿತು. ಹೆಂಗಸು ಊರು ಆಳುವಳೇ ಎಂದು ನಕ್ಕವರು ಬಹಳ. ಪಶ್ಚಿಮ ಬಂಗಾಲದ ಹಳ್ಳಿಗಳಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಒಂದೇ ಭಾಷಣವನ್ನು ಗಂಡಿನ ಧ್ವನಿಯಲ್ಲಿಯೂ ಹೆಣ್ಣಿನ ಧ್ವನಿಯಲ್ಲಿಯೂ ಕೇಳಿಸಿ ನೋಡಿ ೨೦೦೯ರಲ್ಲಿ ಬರೆದದ್ದೇನೆಂದರೆ: ಹೆಣ್ಣು ಮುಖ್ಯಸ್ಥೆಯನ್ನು ಎಂದೂ ಕಾಣದ ಊರಿನ ಗಂಡಸರು ಹೆಣ್ಣಿನ ಧ್ವನಿಗೆ ಕಡಿಮೆ ಬೆಲೆ ಕಟ್ಟಿದರು, ಮೀಸಲಾತಿಯಿಂದ ಒಬ್ಬಳ ಆಡಳಿತವನ್ನು ಕಂಡ ಊರಿನಲ್ಲಿ ಆ ಭೇದ ಅಳಿದಿತ್ತು. ಹೆಂಗಸರ ಆಳಿಕೆ ತಮಗೆ ಇಷ್ಟವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅವರ ತೂಗು ನೆಟ್ಟಗಾಗಿತ್ತು. ಕಾಯಿದೆಯು ಮೊದಲು ಕುರ್ಚಿಯನ್ನು ಕೊಟ್ಟಿತು. ಮನಸ್ಸು ಹಿಂದಿನಿಂದ ಬಂತು.

ಗಾರ್ಡನ್ ಆಲ್ಪೋರ್ಟ್ ಎಂಬ ಅಮೇರಿಕದ ವಿದ್ವಾಂಸರು ೧೯೫೪ರಲ್ಲಿ ಇದರ ಮರ್ಮವನ್ನು ವಿವರಿಸಿದರು. ಬೇರೆ ಬೇರೆ ಜನರು ಬರಿದೇ ಹತ್ತಿರವಿದ್ದರೆ ಸಾಲದು. ಸಮಾನ ಸ್ಥಾನದಲ್ಲಿದ್ದು, ಒಂದೇ ಗುರಿಗಾಗಿ, ಕೂಡಿ ದುಡಿಯಬೇಕು. ಹಿರಿಯರ ಬೆಂಬಲವೂ ಅದಕ್ಕಿರಬೇಕು. ಮನೆಯ ಕೆಲಸದವಳನ್ನು ದಿನಾಲು ಕಂಡರೂ ಪೂರ್ವಗ್ರಹವು ಕರಗದಿರುವದೂ, ಅವಳ ಮಗಳೂ ನಮ್ಮ ಮಗಳೂ ಕೂಡಿ ಖೋ-ಖೋ ಆಡಿ ಗೆದ್ದು ಬಂದಾಗ ಕರಗುವದೂ ಇದೇ ಕಾರಣದಿಂದ.

ಇಲ್ಲಿ ನಮ್ಮ ಬೋರ್ಡಿಂಗಿನ ವಿಷಯವಾಗಿ ಪಾಲಕರಿಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. "ನಮ್ಮ ಹುಡುಗಿಗೆ ಊಟದ ಸಾಲನ್ನು ಬೇರೆ ಮಾಡಿರಿ, ಇಂಥವರ ಹಾಸಿಗೆಯ ಪಕ್ಕದಲ್ಲಿ ಬೇಡ" ಎಂದು ಕೇಳಿಕೊಳ್ಳುವ ತಾಯಂದಿರು ಈಗಲೂ ಇದ್ದಾರೆ. ಅವರು ಕೆಟ್ಟವರಲ್ಲ, ಊರಿಗೆ ತಿರುಗಿ ಹೋದಾಗ ಬಂಧುಗಳು ಏನೆಂದಾರೋ ಎಂಬ ಚಿಂತೆ ಅವರದು. ಆದರೆ ೧೮೫೬ರ ಧಾರವಾಡದ ಅಧಿಕಾರಿಗಳ ಚಿಂತೆಯೂ ಇದೇ ಆಗಿತ್ತೆಂಬುದನ್ನು ನೆನೆಯಬೇಕು. ಹೆಸರಿನ ಅಕಾರಾದಿಯಂತೆ ಹಾಸಿಗೆ, ಬಂದವರು ಬಂದಂತೆ ಊಟದ ಸಾಲು, ಸರತಿಯಂತೆ ಎಲ್ಲರೂ ಬಡಿಸುವದು, ಎಲ್ಲರೂ ತಾಟು ತೊಳೆಯುವದು: ಈ ಕ್ರಮವು ಯಾರ ಸಲುವಾಗಿಯೂ ಬದಲಾಗದು. ಇದರಿಂದ ಮಗಳನ್ನು ಬಿಡಿಸಿಕೊಂಡು ಹೋಗುವವರಿದ್ದರೆ ನಮಗೆ ದುಃಖವಾಗುವದು. ಆದರೂ ಒಬ್ಬಳನ್ನು ಉಳಿಸಿಕೊಳ್ಳುವದಕ್ಕಾಗಿ ಇನ್ನೊಬ್ಬಳನ್ನು ಮೂಲೆಯಲ್ಲಿ ಕುಳ್ಳಿರಿಸಲಾರೆವು.

ಮನೆಯಲ್ಲಿ ಮಾಡತಕ್ಕದ್ದೂ ಕಷ್ಟದ್ದಲ್ಲ. ಮಕ್ಕಳ ಮುಂದೆ "ಆ ಜನರೇ ಹಾಗೆ" ಎಂಬ ಮಾತು ಬಾಯಿಗೆ ಬಂದಾಗ, ಆ ಜನರಲ್ಲಿ ನಾನು ಎಷ್ಟು ಮಂದಿಯನ್ನು ಹೆಸರು ಹಿಡಿದು ಬಲ್ಲೆನೆಂದು ಒಮ್ಮೆ ಎಣಿಸಿರಿ. ಮನಸ್ಸನ್ನು ತೂಗುವದಕ್ಕಿಂತ ಕೈಯನ್ನು ಲೆಕ್ಕ ಹಾಕಿರಿ: ಮನೆಯಲ್ಲಿ ಬಟ್ಟಲುಗಳು ಎಷ್ಟು ಬಗೆ? ಕಡೆಗೆ ಉಣ್ಣುವವರು ಯಾರು? ಮಗನ ಫೀಗೆ ಎಷ್ಟು, ಮಗಳ ಫೀಗೆ ಎಷ್ಟು ಹಣ ಹೋಯಿತು? ಸೊಸೆಯನ್ನು ನೋಡಲು ಹೋದಾಗ ಮೈಬಣ್ಣವನ್ನು ಮೊದಲು ಕೇಳಿದಿರೋ, ಓದನ್ನು ಮೊದಲು ಕೇಳಿದಿರೋ? ಲೆಕ್ಕವು ಸುಳ್ಳು ಹೇಳದು. ಸಾರ್ವಜನಿಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗೆ ಹೆಸರಿನ ಬದಲು ಸಂಖ್ಯೆಯಿರುವದು ಶಿಕ್ಷಕರು ಕೆಟ್ಟವರೆಂದಲ್ಲ. ಒಳ್ಳೆಯವರ ಕಣ್ಣೂ ಜಾರುವದೆಂದು. ಅಂಥ ಕಟ್ಟುಗಳನ್ನು ನಾವೂ ನಮ್ಮ ಕೈಗೆ ಹಾಕಿಕೊಳ್ಳಬಹುದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಶಿಕ್ಷಕಿಯರು, ಕೆಲವರು ದವಾಖಾನೆಯ ದಾದಿಯರು, ಕೆಲವರು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು, ಬಹುಜನರು ಮನೆಯೊಡತಿಯರು. ನಿಮ್ಮೊಬ್ಬೊಬ್ಬರ ಕೈಯಲ್ಲಿಯೂ ಯಾವದೋ ಒಂದು ಬಾಗಿಲಿನ ಅಗುಳಿಯಿದೆ. ಮನಸ್ಸಿನೊಳಗಿನ ಕಳೆಯನ್ನು ಆಯುಷ್ಯವಿಡೀ ಕೀಳುತ್ತಲೇ ಇರಬೇಕು. ಕಿತ್ತಷ್ಟೂ ಚಿಗುರುವದು, ಅದಕ್ಕಾಗಿ ನಿರಾಶರಾಗಬೇಡಿರಿ. ಆದರೆ ಅಗುಳಿಯನ್ನು ತೆಗೆಯುವದಕ್ಕೆ ಆಯುಷ್ಯವೆಲ್ಲ ಬೇಕಾಗಿಲ್ಲ. ಈ ಹೊತ್ತೇ ಅದು ಸಾಧ್ಯ.